ಮುಂಚಕ್ರದ ಸದ್ದು: ಅಲಕ್ಷ್ಯ ಬೇಡ

ನೇತ್ರಾವತಿ ತೀರದ ನರಿಕೊಂಬಿನಿಂದ ಅಡಿಕೆ, ತೆಂಗು ಹೊತ್ತು ಪಾಣೆಮಂಗಳೂರಿನತ್ತ ಸಾಗುವ ಪಿಕಪ್ ವಾಹನವು ಸಂಸಾರಕ್ಕೆ ಅನ್ನದ ಆಸರೆ. ಮಳೆಗಾಲದ ಹೊಂಡಗಳು ಅದರ ಮುಂಭಾಗದ ಸಸ್ಪೆನ್ಷನ್ ಸವೆಸುತ್ತವೆ.

ಸದ್ದು ಯಾವಾಗ ಬರುತ್ತದೆಂಬುದನ್ನು ನಾವು ಮೊದಲು ಗಮನಿಸಬೇಕು. ಹೊಂಡಕ್ಕಿಳಿದಾಗ ‘ಟಕ್’ ಎಂದರೆ ಬುಷ್ ಅಥವಾ ಬಾಲ್ ಜಾಯಿಂಟ್ ಸವೆದಿರಬಹುದು. ವೇಗದೊಡನೆ ಗುಂಯ್‌ಗುಡುವ ಸದ್ದೂ ಏರಿದರೆ ಬೇರಿಂಗನ್ನು ಶಂಕಿಸಬೇಕು. ನಿರ್ದಿಷ್ಟ ವೇಗದಲ್ಲಿ ಮಾತ್ರ ಸ್ಟಿಯರಿಂಗ್ ನಡುಗಿದರೆ ಚಕ್ರದ ಬ್ಯಾಲೆನ್ಸಿಂಗನ್ನೂ, ಬ್ರೇಕ್ ಒತ್ತಿದಾಗ ಮಾತ್ರ ನಡುಗಿದರೆ ಬ್ರೇಕ್ ಡಿಸ್ಕನ್ನೂ ಪರೀಕ್ಷಿಸಬೇಕು.

ಸಮತಟ್ಟು ನೆಲದಲ್ಲಿ ಹಿಂಚಕ್ರಗಳಿಗೆ ಕಲ್ಲು ಕೊಟ್ಟು, ಜಾಕ್ ಏರಿಸಿ, ಮುಂಚಕ್ರವನ್ನು ಮೇಲೂ ಕೆಳಗೂ ಹಿಡಿದು ಅಲುಗಿಸಿದರೆ ಬೇರಿಂಗ್, ಬಾಲ್ ಜಾಯಿಂಟ್‌ಗಳ ಸಡಿಲ ಕೈಗೆ ತಿಳಿಯುತ್ತದೆ. ಎಡಬಲ ಹಿಡಿದು ಅಲುಗಿಸಿದರೆ ಟೈರಾಡ್ ತುದಿಯ ಸಡಿಲ. ವಾಹನದ ಅಡಿಗೆ ಮಾತ್ರ ನುಸುಳಬಾರದು.

ಬಾಲ್ ಜಾಯಿಂಟ್ ಕಳಚಿದರೆ ಚಕ್ರವೇ ಮಡಚಿ ವಾಹನ ಹತೋಟಿ ತಪ್ಪುತ್ತದೆ. ಸಡಿಲ ಕಂಡ ದಿನವೇ ದುರಸ್ತಿ ಮಾಡಿಸುವುದು ಮನೆಮಂದಿಗೂ ದಾರಿಹೋಕರಿಗೂ ನಾವು ಸಲ್ಲಿಸಬೇಕಾದ ಕರ್ತವ್ಯ.