ಶಿವನಸಮುದ್ರದ ನೀರು, ಸಂಘದ ಮೈಲುತುತ್ತ ಮತ್ತು ಕಾಲದ ಬೇಲಿ

ಪ್ರತಿ ಬೇಸಿಗೆಯಲ್ಲೂ ಸದಸ್ಯ ಬಾಂಧವರು ಸಂಘದ ಕಟ್ಟೆ ಹತ್ತಿ ಕೇಳುವ ಪ್ರಶ್ನೆಯೊಂದಿದೆ. "ಅಡಿಕೆಗೆ ಔಷಧಿ ಹೊಡೆಯುವುದು ಮೇ ಕೊನೆಗೆ. ಮೈಲುತುತ್ತದ ಇಂಡೆಂಟನ್ನು ಏಪ್ರಿಲ್ ನಡುವಿನಲ್ಲೇ ಏಕೆ ಮುಚ್ಚುತ್ತೀರಿ? ಗಣಕಯಂತ್ರ ಬಂದ ಮೇಲೂ ಇಷ್ಟು ದಿನ ಬೇಕೇ?" ನ್ಯಾಯವಾದ ಪ್ರಶ್ನೆಯೇ. ಸರಬರಾಜು ಯೋಜನೆಯ ತಂತ್ರಾಂಶದಲ್ಲಿರುವ ಎರಡು ಏರ್ಪಾಡುಗಳನ್ನು ತಿಳಿದರೆ ಉತ್ತರ ಸಿಕ್ಕುತ್ತದೆ. ಒಂದು, ವಿಳಂಬದ ದಿನಗಳ ನಮೂದು. ಇನ್ನೊಂದು, ಟೈಂ ಫೆನ್ಸ್. ನಾವು ಕಾಲದ ಬೇಲಿ ಎನ್ನೋಣ. ಹೆಸರು ಹೊಸದಾದರೂ ಸಂಗತಿ ಹಳೆಯದು. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದ ವಿದ್ಯುದಾಗಾರವನ್ನು ನೋಡಿದವರಿಗೆ ಇದನ್ನು ವಿವರಿಸುವುದು ಸುಲಭ.

ಕೊಡಗಿನ ಕಾಫಿ ತೋಟಗಳ ನಡುವೆ ಹುಟ್ಟಿ ಬರುವ ಕಾವೇರಿ ಅಲ್ಲಿ ಧುಮುಕುತ್ತಾಳೆ. 1902ರಲ್ಲಿ ಆ ನೀರಿನಿಂದ ವಿದ್ಯುತ್ ಹುಟ್ಟಿಸಿ, ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ತಂತಿಯ ಮೂಲಕ ಕೊಟ್ಟರು. ಬೆಂಗಳೂರಿಗೆ ದೀಪ ಬಂದದ್ದು ಆಮೇಲೆ, 1905ರಲ್ಲಿ. ಗಣಿಯವರಿಗೆ ಕೊಟ್ಟ ಮಾತು ವರ್ಷವಿಡೀ ನಡೆಯಬೇಕಿತ್ತು. ನದಿಯೋ ಬೇಸಿಗೆ ಬಂದರೆ ಬಡಕಲು. ಅಷ್ಟು ವಿದ್ಯುತ್ತನ್ನು ಕೂಡಿಡುವ ಉಗ್ರಾಣ ಯಾರ ಬಳಿಯೂ ಇರಲಿಲ್ಲ, ಕೂಡಿಡಬಹುದಾಗಿದ್ದುದು ನೀರನ್ನು ಮಾತ್ರ. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಆರಂಭವಾದುದಕ್ಕೆ ಮಂಡ್ಯದ ಗದ್ದೆಗಳ ಜೊತೆಗೆ ಈ ವಿದ್ಯುತ್ತೂ ದೊಡ್ಡ ಕಾರಣ. ಗಣಿಗಳು 2001ರಲ್ಲಿ ಮುಚ್ಚಿದವು. ವಿದ್ಯುದಾಗಾರ ಇನ್ನೂ ನಡೆಯುತ್ತಿದೆ.

ನಾವು ಗಮನಿಸಬೇಕಾದ್ದು ಕಟ್ಟೆಗೂ ವಿದ್ಯುದಾಗಾರಕ್ಕೂ ಇರುವ ದೂರವನ್ನು. ಕನ್ನಂಬಾಡಿಯಲ್ಲಿ ಬಿಟ್ಟ ನೀರು ಶ್ರೀರಂಗಪಟ್ಟಣ ದಾಟಿ, ತಿರುಮಕೂಡಲಲ್ಲಿ ಕಪಿಲೆಯನ್ನು ಕೂಡಿಕೊಂಡು, ತಲಕಾಡಿನ ಮರಳನ್ನು ಬಳಸಿ ಶಿವನಸಮುದ್ರ ಮುಟ್ಟಬೇಕು. ಸಂಜೆಯ ದೀಪಕ್ಕೆ ಸಂಜೆಯೇ ಬಾಗಿಲು ತೆಗೆದರೆ ನಡೆಯದು. ಎಷ್ಟೇ ಅವಸರವಿದ್ದರೂ ನದಿ ತನ್ನ ನಡಿಗೆಯಲ್ಲೇ ಬರುತ್ತದೆ.

ನಮ್ಮ ಮೈಲುತುತ್ತವೂ ಹಾಗೆಯೇ. ಒಂದು ಉದಾಹರಣೆ ತೆಗೆದುಕೊಳ್ಳೋಣ. ಮಾಲು ಸದಸ್ಯರ ಕೈಸೇರಬೇಕಾದ್ದು ಮೇ 20ಕ್ಕೆ. ಉಗ್ರಾಣದಿಂದ ಶಾಖೆಗಳಿಗೆ ಹಂಚಲು 5 ದಿನ, ಬಂದ ಮಾಲನ್ನು ತೂಗಿ ಪರೀಕ್ಷಿಸಲು 3 ದಿನ, ಸರಬರಾಜುದಾರನಿಂದ ಬರಲು 21 ದಿನ, ದರಪಟ್ಟಿ ನೋಡಿ ಆಡಳಿತ ಮಂಡಳಿ ಒಪ್ಪಿ ಚೆಕ್ ಬರೆಯಲು 7 ದಿನ. ಒಟ್ಟು 36 ದಿನ. ತಂತ್ರಾಂಶ ಮೇ 20ರಿಂದ ಹಿಂದಕ್ಕೆ ಎಣಿಸುತ್ತದೆ. ಏಪ್ರಿಲ್ 14ಕ್ಕೆ ಬಂದು ನಿಲ್ಲುತ್ತದೆ. ಇಂಡೆಂಟು ಏಪ್ರಿಲ್ ನಡುವಿನಲ್ಲಿ ಮುಚ್ಚುವುದು ಯಾರ ಹಟದಿಂದಲೂ ಅಲ್ಲ.

ಯಂತ್ರ ನಾವು ಬರೆದ ಅಂಕಿಯನ್ನು ಮರುಮಾತಿಲ್ಲದೆ ನಂಬುತ್ತದೆ. ಸರಬರಾಜುದಾರ ಬಾಯಲ್ಲಿ 15 ದಿನ ಎನ್ನುತ್ತಾನೆ. ಲಾರಿ ಬರುವುದು ಇಪ್ಪತ್ತೊಂದಕ್ಕೆ. ಬಾಯಿಮಾತಿನ ಅಂಕಿ ಬರೆದರೆ ತೆರೆಯ ಮೇಲೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ, ಶಾಖೆಯಲ್ಲಿ ಮಾತ್ರ ಮೂಟೆ ಇರುವುದಿಲ್ಲ. ಇದಕ್ಕೆ ವಿರುದ್ಧವಾದ ಚಾಳಿಯೂ ಉಂಟು. ಉಗ್ರಾಣದವರು ತಮ್ಮ ರಕ್ಷಣೆಗೆ ಎರಡು ದಿನ, ಲೆಕ್ಕದವರು ಮೂರು ದಿನ, ಕಾರ್ಯದರ್ಶಿ ಇನ್ನೊಂದು ವಾರ ಎಂದು ಸೇರಿಸುತ್ತ ಹೋದರೆ ಮಾಲು ಬೇಕಾದುದಕ್ಕಿಂತ ಬಹಳ ಮೊದಲೇ ಬಂದು ಬೀಳುತ್ತದೆ, ಬಡ್ಡಿ ಸಂಘದ ತಲೆಗೆ. ಹೆಚ್ಚಿನ ದಿನ ಬೇಕೆಂದರೆ ಒಂದೇ ಕಡೆ, ಎಲ್ಲರಿಗೂ ಕಾಣುವಂತೆ ಇಡಬೇಕೆಂಬುದು ನಮ್ಮ ಅಭಿಪ್ರಾಯ. ರಜಾದಿನಗಳನ್ನೂ ಮರೆಯಬಾರದು: 21 ದಿನವೆಂದರೆ ಪಂಚಾಂಗದ ದಿನಗಳೋ, ಕೆಲಸದ ದಿನಗಳೋ ಎಂಬುದನ್ನು ಮೊದಲೇ ತೀರ್ಮಾನಿಸಿಕೊಳ್ಳಬೇಕು.

ಇನ್ನು ಬೇಲಿ. ಇಂದಿನಿಂದ 36 ದಿನ ಮುಂದಕ್ಕೆ ಒಂದು ಗೆರೆ ಎಳೆದಂತೆ ಭಾವಿಸಿ. ಗೆರೆಯ ಆಚೆಗಿನ ಖರೀದಿಗಳನ್ನು ತಂತ್ರಾಂಶ ತಾನಾಗಿಯೇ ಹೆಚ್ಚಿಸಬಹುದು, ಇಳಿಸಬಹುದು, ದಿನ ಬದಲಿಸಬಹುದು. ಗೆರೆಯ ಈಚೆಗೆ ಅದು ಕೈಹಾಕದು. ಇಂಥಲ್ಲಿ ಕೊರತೆ ಬೀಳಲಿದೆ ಎಂದು ಸೂಚನೆ ಕೊಟ್ಟು ಸುಮ್ಮನಾಗುತ್ತದೆ, ಬದಲಾವಣೆ ಮಾಡುವುದಿದ್ದರೆ ಮನುಷ್ಯರೇ ಮಾಡಬೇಕು. ಸದಸ್ಯರೊಬ್ಬರು ಏಪ್ರಿಲ್ 20ರಂದು ಬಂದು ಇನ್ನೂ 50 ಕಿಲೋ ಬೇಕೆಂದರೆ ಹೊಸ ಖರೀದಿಯಿಂದ ಅವರಿಗೆ ಸಿಗುವ ದಿನ ಮೇ 26. ದಾಸ್ತಾನಿನಲ್ಲಿದ್ದರೆ ಬೇರೆ ಮಾತು.

ಈ ಬೇಲಿಯನ್ನು ಎಲ್ಲಿ ಹಾಕಬೇಕೆಂಬುದೇ ಸೂಕ್ಷ್ಮ. 36 ದಿನ ಬೇಕಾಗುವ ಮಾಲಿಗೆ ಹತ್ತು ದಿನದ ಬೇಲಿ ಹಾಕಿದರೆ ಯಂತ್ರ ನಿನ್ನೆಯೇ ಕಳುಹಿಸಬೇಕಿದ್ದ ಆರ್ಡರನ್ನು ಇಂದು ಬರೆಯುತ್ತದೆ, ಬರೆದುದನ್ನು ನಾಳೆ ತಿದ್ದುತ್ತದೆ. ಸರಬರಾಜುದಾರ ನಮ್ಮ ಕಾಗದಗಳನ್ನು ಓದುವುದನ್ನೇ ಬಿಡುತ್ತಾನೆ. ಮೂರು ತಿಂಗಳ ಬೇಲಿ ಹಾಕಿದರೆ ಜೀವ ಹೋಗುವ ತುರ್ತಿಗೂ ಯಂತ್ರ ಜಗ್ಗದು. ವಿಳಂಬದ ಒಟ್ಟು ದಿನಗಳಷ್ಟೇ, ಹೆಚ್ಚೆಂದರೆ ಒಂದೆರಡು ದಿನ ಮೇಲೆ, ಇದು ಹದ.

ತಡವಾದರೆ ಏನಾಗುತ್ತದೆಂದು ಅಡಿಕೆ ಬೆಳೆಗಾರರಿಗೆ ಹೇಳಬೇಕಾಗಿಲ್ಲ. ಶೇಕಡಾ 1ರ ಬೋರ್ಡೋ ದ್ರಾವಣ, ಅಂದರೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ ಮತ್ತು ಒಂದು ಕಿಲೋ ಸುಣ್ಣ, ಮಳೆ ಹಿಡಿಯುವ ಮುಂಚೆ ಗೊನೆಗೆ ಬೀಳಬೇಕು. ಮೃಗಶಿರಾ ಮಳೆ ಜಡಿಯುತ್ತಿರುವಾಗ ಕೊನೆಗಾರ ಮರ ಹತ್ತುವಂತಿಲ್ಲ, ಕೊಳೆರೋಗ ಹತ್ತುತ್ತದೆ. ಕಾಫಿಯಲ್ಲೂ ಕೊಳೆರೋಗವೆಂಬುದು ಉಂಟು (ಹೆಸರು ಒಂದೇ, ಶಿಲೀಂಧ್ರ ಬೇರೆ). ಎಲೆತುಕ್ಕಿಗೂ ಮಳೆಗೆ ಮುಂಚೆ ಇದೇ ಮೈಲುತುತ್ತ ಬೇಕು. ಎರಡು ಬೆಳೆಯವರೂ ಒಂದೇ ಹದಿನೈದು ದಿನದಲ್ಲಿ ಒಂದೇ ಉಗ್ರಾಣದ ಬಾಗಿಲಿಗೆ ಬರುತ್ತಾರೆ. ಆದ್ದರಿಂದ ಕನ್ನಂಬಾಡಿಯಂತೆ ನಮಗೂ ಒಂದಷ್ಟು ದಾಸ್ತಾನು ಬೇಕು. ಆದರೆ ಕಟ್ಟೆ ಕಟ್ಟುವುದಕ್ಕೂ ಹಣ ಬೇಕು. ಎಲ್ಲರ ಮರೆವಿಗೂ ಸಾಲುವಷ್ಟು ದಾಸ್ತಾನು ಇಡಲು ಯಾವ ಸಂಘದಿಂದಲೂ ಆಗದು.

ಮೊದಲ ಸುತ್ತಿನ ದಿನ ತಪ್ಪಿದವರು ಎರಡನೆಯ ಸುತ್ತನ್ನು ನೆನಪಿಡಲಿ. ಅದು 40–45 ದಿನಗಳ ನಂತರ. ಜುಲೈ 5ಕ್ಕೆ ಮಾಲು ಬೇಕೆಂದರೆ ಅದೇ 36 ದಿನದ ಲೆಕ್ಕದಲ್ಲಿ ಮೇ 30ರವರೆಗೆ ಅದು ಬೇಲಿಯ ಆಚೆಗೇ ಇರುತ್ತದೆ. ಅಲ್ಲಿಯವರೆಗೆ ಅಂಕಿಯನ್ನು ಧಾರಾಳವಾಗಿ ತಿದ್ದಿಕೊಳ್ಳಬಹುದು. ಇಂಡೆಂಟು ಬರೆಸಲು ಬರುವಾಗ ಕಳೆದ ವರ್ಷ ಎಷ್ಟು ಪೀಪಾಯಿ ದ್ರಾವಣ ಹೊಡೆದಿರೆಂಬ ಲೆಕ್ಕವನ್ನು, ಅಡಿಕೆಗೆ ಬೇರೆ ಕಾಫಿಗೆ ಬೇರೆಯಾಗಿ, ಚೀಟಿಯಲ್ಲಿ ಬರೆದು ತಂದರೆ ಗುಮಾಸ್ತರಿಗೆ ಅನುಕೂಲ.