ಒಡೆಯನಿಲ್ಲದ ಕಡತ ಮತ್ತು ಹುಸಿ ವ್ಯವಹಾರಗಳ ಹಾವಳಿ

ಹಿಂದಿನ ಕಾಲದ ಶಾನುಭೋಗರ ಕಡತದಲ್ಲಿ ಯಾವುದನ್ನು ಬರೆಯಬೇಕು, ಯಾವುದನ್ನು ಬಿಡಬೇಕು ಎಂಬ ತೀರ್ಮಾನ ಅದನ್ನು ಬರೆಯುವವನದೇ ಆಗಿತ್ತು. ಬ್ಲಾಕ್‌ಚೈನ್ ಎಂಬ ಇಂದಿನ ಗಣಕಜಾಲದ ಕಡತಕ್ಕೆ ಅಂತಹ ಒಡೆಯನಿಲ್ಲ. ಜಗತ್ತಿನ ನಾನಾ ಕಡೆಗಳಲ್ಲಿರುವ ಸಾವಿರಾರು ಗಣಕಗಳು ಒಂದೇ ಲೆಕ್ಕದ ಪ್ರತಿಗಳನ್ನು ಇರಿಸಿಕೊಂಡು, ಬಂದ ಪ್ರತಿಯೊಂದು ವ್ಯವಹಾರವನ್ನೂ ತಾವೇ ಪರಿಶೀಲಿಸುತ್ತವೆ. ಬರೆಸಲು ಬಂದವನ ಊರು ಹೆಸರು ಕೇಳುವವರಿಲ್ಲದಿರುವುದು ಈ ವ್ಯವಸ್ಥೆಯ ಹೆಗ್ಗಳಿಕೆ, ದೌರ್ಬಲ್ಯವೂ ಅದೇ. ನಿರರ್ಥಕ ವ್ಯವಹಾರಗಳನ್ನು ರಾಶಿ ರಾಶಿಯಾಗಿ ಸುರಿದು ಜಾಲವನ್ನು ಉಸಿರುಗಟ್ಟಿಸುವುದನ್ನು ಸ್ಪ್ಯಾಮ್ ದಾಳಿಯೆಂದು ಕರೆಯುತ್ತಾರೆ.

ಕಾವಲುಗಾರನಿಲ್ಲದ ಕಡೆ ಬೆಲೆಯೇ ಕಾವಲು. ಈ ವಿಚಾರ ಬ್ಲಾಕ್‌ಚೈನಿಗಿಂತ ಹಳೆಯದು. ಮಿಂಚಂಚೆ ಕಳುಹಿಸುವವನು ಪ್ರತಿ ಪತ್ರಕ್ಕೂ ತುಸು ಗಣನೆಯ ಶ್ರಮವನ್ನು ತೆರಬೇಕೆಂದು ಸಿಂಥಿಯಾ ಡ್ವರ್ಕ್ ಮತ್ತು ಮೋನಿ ನೌರ್ ೧೯೯೨ರಲ್ಲಿಯೇ ಸೂಚಿಸಿದ್ದರು. ಒಂದು ಪತ್ರ ಬರೆಯುವವನಿಗೆ ಅದು ಹೊರೆಯಲ್ಲ; ಹತ್ತು ಲಕ್ಷ ಬರೆಯುವವನಿಗೆ ಹೊರೆ. ೨೦೧೫ರಲ್ಲಿ ಆರಂಭವಾದ ಇಥೀರಿಯಮ್ ಜಾಲವು ಇದನ್ನು ಇನ್ನಷ್ಟು ಸೂಕ್ಷ್ಮಗೊಳಿಸಿ, ಗಣನೆಯ ಪ್ರತಿಯೊಂದು ಹೆಜ್ಜೆಗೂ ಒಂದೊಂದು ದರ ಗೊತ್ತುಮಾಡಿತು. ಆ ದರದ ಮಾನಕ್ಕೆ ‘ಗ್ಯಾಸ್’ ಎಂದು ಹೆಸರು. ಕನ್ನಡದಲ್ಲಿ ಇಂಧನವೆಂದರೆ ಅರ್ಥಕ್ಕೆ ಹೆಚ್ಚು ಸಮೀಪವಾದೀತು.

ಆದರೆ ದರವು ಶ್ರಮಕ್ಕೆ ತಕ್ಕುದಲ್ಲದಿದ್ದರೆ ಕಾವಲೇ ಕನ್ನವಾಗುತ್ತದೆ. ೨೦೧೬ರ ಸೆಪ್ಟೆಂಬರ್ ತಿಂಗಳಲ್ಲಿ, ಇಥೀರಿಯಮ್ ತಜ್ಞರು ಶಾಂಘಾಯಿಯಲ್ಲಿ ಸಮ್ಮೇಳನ ಸೇರಿದ್ದಾಗಲೇ, ಇದು ಬಯಲಾಯಿತು. ಮತ್ತೊಂದು ಖಾತೆಯಲ್ಲಿರುವ ಕ್ರಮವಿಧಿಯ ಗಾತ್ರವೆಷ್ಟೆಂದು ವಿಚಾರಿಸುವ ಆದೇಶವೊಂದಿತ್ತು. ಅದರ ದರ ಕೇವಲ ೨೦ ಗ್ಯಾಸ್. ಉತ್ತರಿಸಬೇಕಾದ ಗಣಕವಾದರೋ ಪ್ರತಿ ಸಲವೂ ತನ್ನ ಡಿಸ್ಕನ್ನು ತಡಕಬೇಕಾಗಿತ್ತು. ಆಕ್ರಮಣಕಾರನು ಒಂದೊಂದು ಬ್ಲಾಕಿನಲ್ಲಿಯೂ ಸುಮಾರು ೫೦,೦೦೦ ಸಲ ಈ ಪ್ರಶ್ನೆಯನ್ನೇ ಕೇಳಿದನು. ಅವನು ನಿಯಮವನ್ನು ಮುರಿಯಲಿಲ್ಲ, ಏನನ್ನೂ ಕದಿಯಲಿಲ್ಲ. ನಿಗದಿಯಾದ ಶುಲ್ಕವನ್ನೇ ಕೊಟ್ಟನು. ಆದರೂ ಜಾಲ ತೆವಳತೊಡಗಿತು. ಮುಂದೆ ಇನ್ನೊಂದು ಅಗ್ಗದ ಆದೇಶವನ್ನು ಹಿಡಿದು, ಸುಮಾರು ೧ ಕೋಟಿ ೯೦ ಲಕ್ಷ ಬರಿದಾದ ಖಾತೆಗಳನ್ನು ಸೃಷ್ಟಿಸಿ ಕಡತವನ್ನೇ ಉಬ್ಬಿಸಲಾಯಿತು.

ತತ್‌ಕ್ಷಣದ ಉಪಾಯವಾಗಿ ಒಂದು ಬ್ಲಾಕಿನಲ್ಲಿ ನಡೆಯಬಹುದಾದ ಕೆಲಸದ ಮಿತಿಯನ್ನು ಇಳಿಸಲಾಯಿತು. ಅಕ್ಟೋಬರ್ ೧೮ರಂದು ನಿಯಮಾವಳಿಯನ್ನೇ ತಿದ್ದಿ, ೨೦ ಇದ್ದ ದರವನ್ನು ೭೦೦ಕ್ಕೆ ಏರಿಸಿದರು. ನವೆಂಬರ್ ೨೨ರ ತಿದ್ದುಪಡಿಯು ಬರಿದಾದ ಖಾತೆಗಳನ್ನು ಅಳಿಸಲು ದಾರಿಮಾಡಿತು.

ಎಲ್ಲ ಶುಲ್ಕಗಳನ್ನೂ ಏರಿಸಿಬಿಟ್ಟರೆ ಆಗದೆ ಎಂಬ ಪ್ರಶ್ನೆ ಸಹಜ. ಹಾಗೆ ಮಾಡಿದರೆ ಸ್ಪ್ಯಾಮಿನೊಡನೆ ಸಣ್ಣ ಮೊತ್ತವನ್ನು ಕಳುಹಿಸುವ ಬಡವನೂ ಹೊರಗುಳಿಯುತ್ತಾನೆ. ಎಲ್ಲರಿಗೂ ತೆರೆದ ಬಾಗಿಲೆಂಬ ಮಾತು ಬರಿಯ ಮಾತಾಗುತ್ತದೆ. ಇತ್ತ ಶುಲ್ಕ ಅತ್ಯಲ್ಪವಾಗಿದ್ದ ಸೊಲಾನಾ ಜಾಲವು ೨೦೨೧ರ ಸೆಪ್ಟೆಂಬರ್ ೧೪ರಂದು ಸ್ವಯಂಚಾಲಿತ ಯಂತ್ರಗಳು ಸುರಿದ ವ್ಯವಹಾರಗಳ ಪ್ರವಾಹಕ್ಕೆ ಸಿಕ್ಕಿ ಸುಮಾರು ೧೭ ಗಂಟೆ ಸ್ತಬ್ಧವಾಯಿತು. ಆದುದರಿಂದ ಬೇಕಾದುದು ಹೆಚ್ಚಿನ ಬೆಲೆಯಲ್ಲ, ಸರಿಯಾದ ಅಳತೆ. ಕಡತ ಬೆಳೆದಂತೆಲ್ಲ ಅದನ್ನು ತಡಕುವ ಶ್ರಮವೂ ಬೆಳೆಯುವುದರಿಂದ ಈ ಅಳತೆ ಒಮ್ಮೆಗೇ ಮುಗಿಯುವಂಥದಲ್ಲ. ೨೦೨೧ರ ಏಪ್ರಿಲ್‌ನಲ್ಲಿ ಇಥೀರಿಯಮ್ ಅದೇ ಆದೇಶದ ದರವನ್ನು ಮತ್ತೆ ತಿದ್ದಿತು: ಒಂದು ವ್ಯವಹಾರದಲ್ಲಿ ಒಂದು ಖಾತೆಯನ್ನು ಮೊದಲ ಸಲ ವಿಚಾರಿಸಿದರೆ ೨,೬೦೦, ಅದು ಆಗಲೇ ಗಣಕದ ನೆನಪಿನಲ್ಲಿರುವುದರಿಂದ, ಮರಳಿ ವಿಚಾರಿಸಿದರೆ ೧೦೦ ಮಾತ್ರ.