ನಿಮಗಿದು ಗೊತ್ತೇ? ಜೋಡಿಯ ಜಾತಕ

ಇಂಗ್ಲಿಷಿನ 'ಕಪಲ್' ಮದುವೆಮನೆಯಲ್ಲಿ ಹುಟ್ಟಿದ್ದಲ್ಲ. ಅದರ ಮೂಲವಾದ ಲ್ಯಾಟಿನ್ನಿನ 'ಕೋಪುಲಾ' ಎಂದರೆ ಕಟ್ಟು, ಬಂಧ. ಎರಡು ಬೇಟೆನಾಯಿಗಳನ್ನು ಒಟ್ಟಿಗೆ ಬಿಗಿಯುವ ಪಟ್ಟಿಗೂ ಅದೇ ಹೆಸರಿತ್ತು. ಊರಿನ ಮೆಕ್ಯಾನಿಕ್ ಮೋಟಾರಿಗೂ ಪಂಪಿಗೂ ಹಾಕುವ 'ಕಪ್ಲಿಂಗ್' ಅದೇ ಮನೆತನದ್ದು.

'ಪೇರ್' ಬೇರೆ ಕುಲ. ಲ್ಯಾಟಿನ್ನಿನ 'ಪಾರ್', ಅಂದರೆ ಸಮ. ಈ ಎರಡರ ವ್ಯತ್ಯಾಸ ತಿಳಿಯಲು ನಿಘಂಟು ಬೇಡ, ಶಿವರಾತ್ರಿ ಹೊತ್ತಿಗೆ ತುಮಕೂರಿನ ಸಿದ್ಧಗಂಗೆಯಲ್ಲಿ ನಡೆಯುವ ದನಗಳ ಜಾತ್ರೆಗೆ ಹೋದರೆ ಸಾಕು. ಒಂದೇ ನೊಗಕ್ಕೆ ಕಟ್ಟಿದ ಮಾತ್ರಕ್ಕೆ ಎತ್ತುಗಳು ಜೊತೆಯಾಗುವುದಿಲ್ಲ. ಎತ್ತರ, ಬಣ್ಣ, ಕೊಂಬಿನ ಬಾಗು, ಹಲ್ಲು, ನಡಿಗೆ ಎಲ್ಲವೂ ಹೊಂದಬೇಕು. ಹಳ್ಳಿಕಾರ್ ಎತ್ತು ಸಾಕುವವರು ಈ ವಿಷಯದಲ್ಲಿ ಜಾತಕ ನೋಡುವ ಪುರೋಹಿತರಿಗಿಂತ ಕಟ್ಟುನಿಟ್ಟು.

ನೊಗ ಎಂದಾಗ ನೆನಪಾಯಿತು: ಸಂಸ್ಕೃತದ 'ಯುಗ'ಕ್ಕೆ ನೊಗ ಎಂಬ ಅರ್ಥವೂ ಇದೆ. ಇಂಗ್ಲಿಷಿನ 'ಯೋಕ್' ಅದರ ದಾಯಾದಿ. ಯುಗ್ಮ, ಯೋಗ ಎಲ್ಲವೂ ಅದೇ ಬಳಗ.

'ದಂಪತಿ'ಯ 'ದಂ' ಎಂದರೆ ಮನೆ. ವೇದದ ದ್ವಿವಚನದಲ್ಲಿ ಮನೆಗೆ ಒಡೆಯರು ಇಬ್ಬರು! ಲಗ್ನಪತ್ರಿಕೆಯಲ್ಲಿ 'ದಂಪತಿಗಳು' ಎಂದು ಅಚ್ಚು ಹಾಕಿಸಿ, ಮನೆಯಲ್ಲಿ ನಾನೊಬ್ಬನೇ ಯಜಮಾನ ಎನ್ನುವವರು ಗಮನಿಸಬಹುದು.

ಹಳೇ ಮೈಸೂರಿನ ಕಂದಾಯ ಕಡತದಲ್ಲಿ 'ಜೋಡಿ ಗ್ರಾಮ' ಎಂದಿದ್ದರೆ ಎರಡು ಊರೆಂದು ಎಣಿಸಬೇಡಿ. ಇನಾಮು ಜಮೀನಿಗೆ ಪೂರ್ತಿ ಕಂದಾಯದ ಬದಲು ಕಟ್ಟುತ್ತಿದ್ದ ಹಗುರ ಕಂದಾಯವೇ ಜೋಡಿ. ಅದನ್ನು ಕಟ್ಟಿ ಊರಿನ ಮೇಲೆ ಹಕ್ಕು ನಡೆಸುತ್ತಿದ್ದವನು ಜೋಡಿದಾರ. ಆ ದರ್ಬಾರಿಗೆ ತೆರೆ ಎಳೆದದ್ದು 1954ರ ಇನಾಮು ರದ್ದತಿ ಕಾಯ್ದೆ.

ಇಂಗ್ಲಿಷಿನಲ್ಲಿ 'ಕಪಲ್ ಆಫ್ ಡೇಸ್' ಎಂದರೆ ಎರಡೇ ದಿನ ಆಗಬೇಕಿಲ್ಲ. ನಮ್ಮ ಸಭೆಗಳ 'ಎರಡು ಮಾತು' ಕೂಡ ಹಾಗೆಯೇ, ಊಟ ತಣ್ಣಗಾಗುವವರೆಗೂ ಮುಗಿಯುವುದಿಲ್ಲ.

ಟೆಸ್ಟ್ ಕ್ರಿಕೆಟ್ಟಿನಲ್ಲಿ ಎರಡೂ ಇನಿಂಗ್ಸಿನಲ್ಲಿ ಸೊನ್ನೆಗೆ ಔಟಾದರೆ 'ಪೇರ್'. ಎರಡು ಸೊನ್ನೆ ಪಕ್ಕಪಕ್ಕ ಬರೆದರೆ ಕನ್ನಡಕ. 'ಪೇರ್ ಆಫ್ ಸ್ಪೆಕ್ಟಕಲ್ಸ್' ಎಂಬ ಹೆಸರು ಬಂದದ್ದು ಅಲ್ಲಿಂದ, ಅದರ ಮೊಟಕೇ 'ಪೇರ್'. ನಮ್ಮ ಮೈಸೂರಿನ ಬಿ.ಎಸ್. ಚಂದ್ರಶೇಖರ್ 1977–78ರ ಆಸ್ಟ್ರೇಲಿಯಾ ಪ್ರವಾಸದಲ್ಲಿ ನಾಲ್ಕು ಸೊನ್ನೆ ಸುತ್ತಿದ್ದಕ್ಕೆ ತೂತು ಕೊರೆದ ಬ್ಯಾಟನ್ನೇ ಉಡುಗೊರೆಯಾಗಿ ಪಡೆದರು. ಅದೇ ಪ್ರವಾಸದ ಮೆಲ್ಬರ್ನ್ ಟೆಸ್ಟಿನಲ್ಲಿ ಚೆಂಡು ಹಿಡಿದಾಗ ಮಾತ್ರ ಸರಿಜೋಡಿ: ಮೊದಲ ಇನಿಂಗ್ಸಿನಲ್ಲಿ 52ಕ್ಕೆ 6, ಎರಡನೆಯದರಲ್ಲೂ 52ಕ್ಕೆ 6. ಆಸ್ಟ್ರೇಲಿಯಾ ನೆಲದಲ್ಲಿ ಭಾರತಕ್ಕೆ ಅದೇ ಮೊದಲ ಟೆಸ್ಟ್ ಜಯ. ಅಂತರ 222 ರನ್.